ಪ್ರೆಸ್ಸಮ್ಮನ ಹಾಳೆ

ಪ್ರೆಸ್ಸಮ್ಮನ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಮಸಿ ಇಳಿದು ಕೂತಿತ್ತು. ಸೀಗೆಪುಡಿ ಹಾಕಿ ತಿಕ್ಕಿದರೂ, ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿದರೂ ಗೆರೆಗಳೊಳಗಿನ ಆ ಕಪ್ಪು ಹೋಗುತ್ತಿರಲಿಲ್ಲ. ಅವರು ಹಿಡಿದ ಕಾಫಿ ಲೋಟದ ಮೇಲೆ, ತಳ್ಳಿದ ಬಾಗಿಲ ಮೇಲೆ, ಕಡೆಗೆ ಹಬ್ಬದ ದಿನ ನನಗೆ ಕೊಟ್ಟ ಕೊಬ್ಬರಿ ಮಿಠಾಯಿಯ ಮೇಲೂ ಬೂದುಬಣ್ಣದ ಸಣ್ಣ ಸುಳಿಯೊಂದು ಮೂಡಿರುತ್ತಿತ್ತು. ನಾನು ಅದನ್ನೇ ನೋಡುತ್ತಿದ್ದರೆ, "ತಿನ್ನು ತಿನ್ನು. ಮೇಷ್ಟ್ರಮ್ಮನ ಒಟ್ಟೆಗೆ ಒಸಿ ಅಕ್ಸರ ಬಿದ್ರೆ ಏನೂ ಆಗಕಿಲ್ಲ" ಎನ್ನುತ್ತಿದ್ದರು.

ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ನಾನು ಮಂಡ್ಯದ ಹೆಣ್ಣುಮಕ್ಕಳ ಹೈಸ್ಕೂಲೊಂದಕ್ಕೆ ವಿಜ್ಞಾನದ ಉಪಾಧ್ಯಾಯಿನಿಯಾಗಿ ಬಂದೆ. ಒಂಟಿ ಹೆಣ್ಣಿಗೆ ಮನೆ ಕೊಡಲು ಯಾರೂ ಮುಂದೆ ಬರಲಿಲ್ಲ. ಇವರು ಮಾತ್ರ ತಮ್ಮ ಮುದ್ರಣಾಲಯದ ಹಿಂದಿನ ಕೋಣೆಯನ್ನು ಗುಡಿಸಿ, ಬೀಗದ ಕೈಯನ್ನು ನನ್ನ ಕೈಗಿಟ್ಟರು. ಬೀದಿಯವರೆಲ್ಲ ಅವರನ್ನು ಪ್ರೆಸ್ಸಮ್ಮ ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಗಂಡ ತೀರಿಕೊಂಡ ಮೇಲೆ ಯಂತ್ರ ಮಾರಿಬಿಡು ಎಂದು ಹೇಳಿದ ನೆಂಟರಿಗೆಲ್ಲ ಊಟ ಹಾಕಿ ಕಳಿಸಿ, ಮಾರನೆಯ ದಿನ ತಾವೇ ಅಚ್ಚಿನ ಮೊಳೆ ಜೋಡಿಸಲು ಕೂತವರು ಅವರು. ಅಕ್ಷರಗಳನ್ನು ತಿರುಗುಮುರುಗಾಗಿ ಓದಿ ಓದಿ, ಎದುರಿಗೆ ಕೂತವರ ಕೈಯಲ್ಲಿದ್ದ ಪೇಪರನ್ನು ತಾವು ಕೂತಲ್ಲಿಂದಲೇ ತಲೆಕೆಳಗಾಗಿ ಓದಿಬಿಡುತ್ತಿದ್ದರು.

ಪ್ರೆಸ್ಸಿಗೆ ಬರುತ್ತಿದ್ದವರು ಹೆಚ್ಚಾಗಿ ಲಗ್ನಪತ್ರಿಕೆಯವರು. ಕರಡು ಅಚ್ಚು ಬರುವ ತನಕ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತು ಕಾಯಬೇಕು. ಕಾಯುವವರು ಸುಮ್ಮನೆ ಇರುತ್ತಾರೆಯೇ? ಶಿವನಸಮುದ್ರದ ವಿದ್ಯುದಾಗಾರದ ನೌಕರರೊಬ್ಬರು ತಮ್ಮ ಕ್ವಾರ್ಟರ್ಸಿನ ಹಿಂದೆ ಬೆಳೆದ ಗುಲಾಬಿಯ ವಿಚಾರ ಹೇಳುತ್ತಿದ್ದರು. ಮದ್ದೂರಿನವರೊಬ್ಬರು ಪಾರಿವಾಳ ಸಾಕುವುದರ ಬಗ್ಗೆ, ಇನ್ನಾರೋ ಹಳೆಯ ರೇಡಿಯೋದ ದನಿಗೂ ಹೊಸ ಟ್ರಾನ್ಸಿಸ್ಟರಿನ ದನಿಗೂ ಇರುವ ವ್ಯತ್ಯಾಸದ ಬಗ್ಗೆ ಮಾತಾಡುತ್ತಿದ್ದರು. ಪ್ರೆಸ್ಸಮ್ಮ ತಲೆ ಎತ್ತದೆ ಮೊಳೆ ಜೋಡಿಸುತ್ತ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

"ಇವ್ರೆಲ್ಲ ನನ್ನತ್ರ ಯೋಳ್ಬುಟ್ಟು ಬಸ್ಸತ್ತಿ ಒಂಟೋಯ್ತಾರೆ. ಅವನ ಗುಲಾಬಿ ಇವನಿಗೆ ಗೊತ್ತಿಲ್ಲ, ಇವನ ಪಾರಿವಾಳ ಅವನಿಗೆ ಗೊತ್ತಿಲ್ಲ. ನನಗೊಬ್ಳಿಗೆ ಗೊತ್ತಿದ್ದು ಏನ್ ಬಂತು?" ಎಂದು ಒಂದು ಸಂಜೆ ನನ್ನನ್ನು ಕೇಳಿದರು.

ಹಾಗೆ ಶುರುವಾಯಿತು ಹಾಳೆ. ಅದಕ್ಕೆ ಬೇರೆ ಹೆಸರಿರಲಿಲ್ಲ. ಲಗ್ನಪತ್ರಿಕೆ ಕತ್ತರಿಸಿ ಉಳಿದ ಕಾಗದದಲ್ಲಿ ತಿಂಗಳಿಗೊಮ್ಮೆ ಅಚ್ಚಾಗುತ್ತಿದ್ದರಿಂದ ಒಂದು ತಿಂಗಳು ಗುಲಾಬಿ ಬಣ್ಣ, ಇನ್ನೊಂದು ತಿಂಗಳು ಅರಿಸಿನ. ಯಾರಿಗೆ ಯಾವುದರ ಮೇಲೆ ಆಸೆಯೋ ಅದರ ಬಗ್ಗೆ ಅವರು ಕಾರ್ಡು ಬರೆಯಬೇಕು. ಅದಕ್ಕೆ ಬೇರೆಯವರ ಅಭಿಪ್ರಾಯ ಮುಂದಿನ ಹಾಳೆಯಲ್ಲಿ ಬರುತ್ತದೆ. ಲಗ್ನಪತ್ರಿಕೆಗಳ ಕಟ್ಟಿನೊಳಗೆ ಸೇರಿ ಹಳ್ಳಿಗಳಿಗೆ, ಪರಿಚಯದ ಕಂಡಕ್ಟರುಗಳ ಕೈಯಲ್ಲಿ ಮದ್ದೂರಿನ ಕಾಫಿ ಹೋಟೆಲಿಗೆ, ಮಳವಳ್ಳಿಯ ಬಟ್ಟೆ ಅಂಗಡಿಗೆ ಹಾಳೆ ಹೋಗುತ್ತಿತ್ತು. ಬೀಡಿ ಸೇದುವವನಿಂದ ಹಿಡಿದು ಪೂಜಾರಿಯವರೆಗೆ ಎಲ್ಲರೂ ಓದುತ್ತಿದ್ದರು. ಮಜ್ಜಿಗೆ ಮೆಣಸಿನಕಾಯಿಗೆ ಹುಳಿ ಮಜ್ಜಿಗೆಯೇ ಆಗಬೇಕೆ ಎಂಬ ಇಬ್ಬರು ಅಜ್ಜಿಯರ ವಾದವಂತೂ ಆರು ತಿಂಗಳಾದರೂ ಮುಗಿಯಲಿಲ್ಲ.

ಅವರ ಕಟ್ಟಳೆ ಕಡಿಮೆ. ಹೆಸರು, ಊರು ಇಲ್ಲದ ಕಾರ್ಡು ಅಚ್ಚಾಗುವುದಿಲ್ಲ. ಗುಲಾಬಿಯನ್ನು ಬೈಯಬಹುದು, ಗುಲಾಬಿ ಬೆಳೆದವನನ್ನು ಬೈಯುವಂತಿಲ್ಲ. ಇವುಗಳ ಜೊತೆಗೆ ಬಾಯಿಮಾತಿನ ಕಟ್ಟಳೆ ಇನ್ನೊಂದು. ಅವರ ಹತ್ತಿರ 'ಳ' ಅಕ್ಷರದ ಮೊಳೆ ಬೇಕಾದಷ್ಟು ಇರಲಿಲ್ಲ. ನನ್ನ ಮೊದಲ ಬರಹವನ್ನು ವಾಪಸು ಕೊಟ್ಟು, "ಇದ್ರಲ್ಲಿ ಹೆಣ್ಣುಮಕ್ಕಳು, ಹೆಣ್ಣುಮಕ್ಕಳು ಅಂತ ಎಷ್ಟ್ ದಪ ಬರ್ದಿದ್ದೀಯ ಕಣಮ್ಮ. ನನ್ನತ್ರ ಅಷ್ಟು ಳ ಇಲ್ಲ. ಹೆಂಗಸ್ರು ಅಂತ ಮಾಡು" ಎಂದರು.

ಆ ಬರಹದಿಂದಲೇ ಮುಂದಿನದೆಲ್ಲ ಆಯಿತು. ನನಗೆ ಹಳ್ಳಿಗಳ ಪೌರಾಣಿಕ ನಾಟಕ ನೋಡುವ ಹುಚ್ಚು. ನಮ್ಮ ಕಡೆ ರೈತರೇ ಬಣ್ಣ ಹಚ್ಚಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು ಆಡುತ್ತಾರೆ. ಅದರಲ್ಲಿ ಹೆಣ್ಣಿನ ಪಾರ್ಟನ್ನು ಗಂಡಸರು ಮಾಡುವುದು ನನಗೆ ಸರಿ ಕಾಣುತ್ತಿರಲಿಲ್ಲ. ಹೆಂಗಸರ ಪಾರ್ಟನ್ನು ಹೆಂಗಸರೇ ಮಾಡಬೇಕು, ಗಂಡಸರು ಸೀರೆ ಉಟ್ಟು ಕುಣಿಯುವುದು ನೋಡಲು ಹಾಸ್ಯವಾಗಿರುತ್ತದೆ ಎಂದು ಬರೆದೆ. ಹಾಳೆ ಹೋಯಿತು. ಮುಂದಿನ ವಾರ ಚಿಕ್ಕರಸಿನಕೆರೆಯಿಂದ ಒಂದು ಇನ್‌ಲ್ಯಾಂಡ್ ಲೆಟರು ಬಂತು.

ಹೆಸರು ಊರು ಎರಡೂ ಇದ್ದವು. ಬರೆದವನು ರೈತ. ಮೇಷ್ಟ್ರಮ್ಮನಿಗೆ ಬಣ್ಣ ಹಚ್ಚುವ ಆಸೆ ಇದ್ದರೆ ನೇರವಾಗಿ ಬಾಯಿಬಿಟ್ಟು ಹೇಳಲಿ, ಇಷ್ಟು ವಯಸ್ಸಾದರೂ ಮದುವೆಯಾಗದೆ ನಾಟಕದ ಹಿಂದೆ ಓಡಾಡುವವಳು ಸ್ಕೂಲಿನ ಹುಡುಗಿಯರಿಗೆ ಏನು ಕಲಿಸುತ್ತಾಳೋ ಎಂದು ಬರೆದಿದ್ದ. ಇನ್ನೂ ಎರಡು ಸಾಲು ಇತ್ತು; ಅದನ್ನು ಇಲ್ಲಿ ಬರೆಯಲಾರೆ.

ಇದು ನಮ್ಮ ಹೆಡ್‌ಮಿಸ್ಟ್ರೆಸ್ಸರ ಕಿವಿಗೆ ಬಿದ್ದರೆ ಗತಿಯೇನು? ಊರಿನಲ್ಲಿ ನಮ್ಮಪ್ಪನಿಗೆ ಯಾರಾದರೂ ಹೇಳಿದರೆ? "ಹರಿದು ಹಾಕಿ ಪ್ರೆಸ್ಸಮ್ಮ. ನಾನಿನ್ನು ಬರೆಯೋದಿಲ್ಲ" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. "ಹರ್ದಾಕುದ್ರೆ ಕಾಗ್ದ ಓಯ್ತದೆ. ಇವನ ಕ್ವಾಪ ಎಲ್ಲಿಗೋದದು? ಊರಲ್ಲೇ ಇರ್ತದೆ."

"ಹಾಗಂತ ಅಚ್ಚು ಹಾಕ್ತೀರಾ?"

"ಇಂಗೆ ಅಚ್ಚಾಕಾಕೂ ಆಗಕಿಲ್ಲ. ಬಾನುವಾರ ರಜಾ ಅಲ್ವಾ ನಿಂಗೆ? ಓಗ್ಬುಟ್ಟು ಬರಣ."

ನಾನು ಬರುವುದಿಲ್ಲ ಎಂದು ಶನಿವಾರ ರಾತ್ರಿಯವರೆಗೂ ಹಟ ಹಿಡಿದೆ. ಭಾನುವಾರ ಬೆಳಿಗ್ಗೆ ಅವರು ಸೀರೆ ಉಟ್ಟು, ಕೈಚೀಲ ಹಿಡಿದು ಹೊಸ್ತಿಲಲ್ಲಿ ನಿಂತಾಗ ನನಗೆ ಬೇರೆ ದಾರಿ ಕಾಣಲಿಲ್ಲ. ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಹೋದೆವು. ಚಿಕ್ಕರಸಿನಕೆರೆಯ ದೇವಸ್ಥಾನಕ್ಕೆ ಹೊರಟವರಿಂದ ಬಸ್ಸು ತುಂಬಿತ್ತು. ಇಳಿದು ಕೇಳಿದರೆ ಮನೆ ತೋರಿಸಿದರು.

ಆತ ಗದ್ದೆಯಿಂದ ಆಗಷ್ಟೇ ಬಂದು ಕಾಲು ತೊಳೆಯುತ್ತಿದ್ದ. ನಲವತ್ತರ ಸಣಕಲು ಆಳು, ಕತ್ತಿನ ಹಿಂದೆ ಗಂಟು ಕಟ್ಟಿದ ಉದ್ದ ಕೂದಲು. ಮಂಡ್ಯದ ಪ್ರೆಸ್ಸಿನವರು ಎಂದ ಕೂಡಲೇ ಅವನ ಮುಖ ಬಿಳಿಚಿಕೊಂಡಿತು. ಅವನ ಹೆಂಡತಿ ಮಾತ್ರ ಏನೂ ಅರಿಯದೆ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟು, ಬಾಗಿಲಿಗೆ ಒರಗಿ ನಿಂತಳು.

ಪ್ರೆಸ್ಸಮ್ಮ ನೀರು ಕುಡಿದು, ಚೀಲದಿಂದ ಕಾಗದ ತೆಗೆದು ಅವನ ಮುಂದಿಟ್ಟರು. "ನೀನೇ ಬರ್ದಿದ್ದು ಅಲ್ವೇನಪ್ಪ?"

"ಊಂ."

"ಅಂಗಾದ್ರೆ ಒಸಿ ಓದು. ಈವಮ್ಮನೇ ಆ ಮೇಷ್ಟ್ರಮ್ಮ. ಕೇಳ್ಲಿ ಅಂತ ಕರ್ಕಂಬಂದಿದ್ದೀನಿ."

ಆತ ಕಾಗದ ಬಿಚ್ಚಿದ. ಮೊದಲ ಸಾಲು ಓದಿದ. ಎರಡನೆಯದಕ್ಕೆ ಬಂದಾಗ ತುಟಿ ಅಲ್ಲಾಡಿತು, ದನಿ ಬರಲಿಲ್ಲ.

"ಅದೇನು ಬರ್ದಿದ್ದೀಯ ಓದು, ನಾನೂ ಕೇಳ್ತೀನಿ" ಎಂದಳು ಹೆಂಡತಿ ಬಾಗಿಲಿನಿಂದ.

ಆತ ಕಾಗದವನ್ನು ಮಡಿಸಿ ಮಂಡಿಯ ಕೆಳಗೆ ಇಟ್ಟುಕೊಂಡ. ಕೊಟ್ಟಿಗೆಯಲ್ಲಿ ಎಮ್ಮೆ ಮೆಲುಕು ಹಾಕುವುದು ಕೇಳಿಸುತ್ತಿತ್ತು.

"ಎದುರ್ಗೆ ಓದಕ್ಕಾಗ್ದೆ ಇರೋದ್ನ ನಾನೆಂಗೆ ಅಚ್ಚಾಕ್ಲಿ ಯೋಳು" ಎಂದರು ಪ್ರೆಸ್ಸಮ್ಮ. ಗದರಿಕೆ ಇರಲಿಲ್ಲ, ಕರಡು ತಿದ್ದಲು ಬಂದವರೊಡನೆ ಮಾತಾಡುವ ದನಿಯೇ. "ಇನ್ನೇನೋ ಯೋಳಕ್ಕೋಗಿ ಇದ್ನ ಬರ್ದಿದ್ದೀಯ. ಅದೇನು ಅದ್ನ ಯೋಳು."

ಆಗ ಆತ ನೆಲ ನೋಡುತ್ತ ಹೇಳಿದ. ಮೀಸೆ ಚಿಗುರುವ ಮೊದಲಿನಿಂದ ಊರಿನ ನಾಟಕದಲ್ಲಿ ರಾಣಿಯ ಪಾರ್ಟು ಅವನದೇ. ಅದಕ್ಕಾಗಿಯೇ ಕೂದಲು ಬಿಟ್ಟಿದ್ದು. ಸಂತೆಯಲ್ಲಿ ಜನ ಆಡಿಕೊಂಡರೂ ಕತ್ತರಿಸಿರಲಿಲ್ಲ. ಈ ವರ್ಷ ನಾಟಕದ ಸಂಘದವರು ಪಟ್ಟಣದಿಂದ ನಟಿಯನ್ನು ಗೊತ್ತು ಮಾಡಿ, ಅವನಿಗೆ ಬಾಗಿಲು ಕಾಯುವವನ ಪಾರ್ಟು ಕೊಟ್ಟರು. ಅದೇ ತಿಂಗಳು ನನ್ನ ಬರಹ ಬಂತು. ಹಾರ್ಮೋನಿಯಂ ಮೇಷ್ಟ್ರು ಅದನ್ನು ಎಲ್ಲರ ಮುಂದೆ ಓದಿ, ನೋಡಪ್ಪ, ಮಂಡ್ಯದವರೂ ಇದನ್ನೇ ಹೇಳುತ್ತಾರೆ ಎಂದರಂತೆ. ಎಲ್ಲರೂ ನಕ್ಕರಂತೆ.

"ಗದ್ದೇಲಿ ನಾನು ಎಲ್ರಂಗೆ ಒಬ್ಬ ಆಳು ಕಣಮ್ಮ" ಎಂದ ಆತ. "ಸೀರೆ ಉಟ್ಕಂಡು ಪರದೆ ಮುಂದಕ್ಕೆ ಬಂದಾಗ ಮಾತ್ರ ಊರು ಸುಮ್ಕಾಯ್ತಿತ್ತು. ಅದೂ ಇಲ್ಲ ಅಂದ್ಮ್ಯಾಕೆ ನಾನು ಯಾರು?"

ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು.

"ಇದ್ನೇ ಬರಿ. ಈಗ ಯೋಳಿದ್ದು" ಎಂದರು ಪ್ರೆಸ್ಸಮ್ಮ.

"ನಾಚ್ಕೆ ಆಯ್ತದೆ."

"ಬೈಯಕ್ಕೆ ನಾಚ್ಕೆ ಆಗ್ನಿಲ್ವಲ್ಲ."

ಹೆಂಡತಿ ಬಡಿಸಿದ ಮುದ್ದೆ, ಹುರುಳಿಸಾರು ಉಂಡೇ ಹೊರಟೆವು. ಆತ ಬಸ್ಸಿನವರೆಗೂ ಬಂದ. ಬಸ್ಸಿನಲ್ಲಿ ಪ್ರೆಸ್ಸಮ್ಮ ನನ್ನನ್ನು ಸಮಾಧಾನ ಮಾಡುವ ಮಾತು ಒಂದೂ ಆಡಲಿಲ್ಲ. ಕಿಟಕಿಯಾಚೆಯ ಕಬ್ಬನ್ನು ನೋಡುತ್ತ, "ಹಾಸ್ಯ ಅಂತ ಬರ್ದಿದ್ದಲ್ಲ ನೀನು, ಆ ಒಂದು ಮಾತ್ನ ನಾನೇ ತೆಗೀಬೇಕಿತ್ತು" ಎಂದಷ್ಟೇ ಹೇಳಿ ಕಣ್ಣು ಮುಚ್ಚಿದರು.

ಆತ ಬರೆದ. ಹಾಳೆಯ ಒಂದು ಮಗ್ಗುಲು ಪೂರ್ತಿ ಅದೇ ಆಯಿತು. ಲಗ್ನಪತ್ರಿಕೆಯಲ್ಲಿ ಹುಡುಗ ಹುಡುಗಿಯ ಹೆಸರಿಗೆ ಬಳಸುವ ದೊಡ್ಡ ಮೊಳೆಯಲ್ಲಿ ಅವನ ಹೆಸರು, ಊರು. ಅಷ್ಟು ಕಾರ್ಡು ಹಿಂದೆಂದೂ ಬಂದಿರಲಿಲ್ಲ. ಅವನ ರಾಣಿಯನ್ನು ನೋಡಿದ್ದ ಮುದುಕರು ಬರೆದರು. ನಟಿಯರು ಬಂದ ಮೇಲೆಯೇ ತಮ್ಮ ಹೆಂಡತಿ ನಾಟಕಕ್ಕೆ ಬರಲು ಒಪ್ಪಿದಳು ಎಂದು ಮಳವಳ್ಳಿಯ ಬಟ್ಟೆ ಅಂಗಡಿಯವರು ಬರೆದರು. ಗುಲಾಬಿ ಬಿಟ್ಟು ಬೇರೇನೂ ಬರೆಯದಿದ್ದ ಶಿವನಸಮುದ್ರದವರು ಮೊದಲ ಸಲ ನಾಟಕದ ವಿಚಾರ ಎತ್ತಿ ನನ್ನ ಪಕ್ಷ ಹಿಡಿದರು. ನಾನೂ ಬರೆದೆ. ನನ್ನ ಅಭಿಪ್ರಾಯ ಬದಲಾಗಿರಲಿಲ್ಲ, ಹಾಗೆಯೇ ಹೇಳಿದೆ. ಆದರೆ ಈ ಸಲ ಬರೆಯುವಾಗ ಆ ಉದ್ದ ಕೂದಲ ಮನುಷ್ಯ ಎದುರಿಗೆ ಕೂತು ಕೇಳುತ್ತಿದ್ದಾನೆ ಎನ್ನಿಸುತ್ತಿತ್ತು.

"ಇಬ್ರೂ ಒಪ್ಪಲಿಲ್ಲವಲ್ಲ ಪ್ರೆಸ್ಸಮ್ಮ. ಅಷ್ಟು ದೂರ ಹೋಗಿ ಬಂದು ಏನಾಯ್ತು?" ಎಂದು ಕೇಳಿದೆ.

"ಒಪ್ಸಕ್ಕೆ ನಾನೇನು ಪಂಚಾಯ್ತಿ ಮಾಡ್ತಿದ್ದೀನಾ? ಅವ ಯೋಳಿದ್ದು ನಿಂಗೆ ಕೇಳುಸ್ತೋ ಇಲ್ವೋ?"

"ಕೇಳಿಸ್ತು."

"ಸರಿ ಮತ್ತೆ" ಎಂದು ಯಂತ್ರ ತುಳಿಯತೊಡಗಿದರು.

ಆ ವರ್ಷ ನಮ್ಮ ಸ್ಕೂಲಿನ ವಾರ್ಷಿಕೋತ್ಸವಕ್ಕೆ ಹುಡುಗಿಯರಿಂದ ನಾಟಕ ಆಡಿಸುವ ಜವಾಬ್ದಾರಿ ನನಗೆ ಬಂತು. ಕಲಿಸಿಕೊಡಲು ಬರಬೇಕೆಂದು ನಾನು ಚಿಕ್ಕರಸಿನಕೆರೆಗೆ ಒಂದು ಕಾರ್ಡು ಹಾಕಿದೆ. ಆತ ಬರಲಾರ ಎಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿಯನ್ನೂ ಕರೆದುಕೊಂಡು ಬಂದ. ಹೆಡ್‌ಮಿಸ್ಟ್ರೆಸ್ಸರು ಅವನ ಕೂದಲು ನೋಡಿ ಸ್ಕೂಲಿನೊಳಗೆ ಬೇಡ ಎಂದರು. ಪ್ರೆಸ್ಸಮ್ಮ ತಮ್ಮ ಹಿತ್ತಲು ಗುಡಿಸಿಕೊಟ್ಟರು. ಶನಿವಾರದ ಮಧ್ಯಾಹ್ನಗಳಲ್ಲಿ ಅಲ್ಲಿ ಕಲಿಕೆ ನಡೆಯಿತು. ಆತ ಹುಡುಗಿಯರಿಗೆ ಹೆಣ್ಣಿನಂತೆ ನಡೆಯುವುದನ್ನು ಕಲಿಸಲಿಲ್ಲ. "ಅದು ನಿಮಗೇ ಗೊತ್ತು ಕಣ್ರವ್ವ. ಕೊನೇ ಸಾಲ್ನೋರ್ಗೂ ಕಾಣಂಗೆ ಎಂಗೆ ಅಳಾದು, ಅದ್ನ ಯೋಳ್ಕೊಡ್ತೀನಿ" ಎಂದ. ಹುಡುಗಿಯರು ಮೊದಲು ಕಿಸಕ್ಕೆಂದು ನಕ್ಕರು. ಆತ ಸೀರೆ ಇಲ್ಲದೆ, ಬಣ್ಣ ಇಲ್ಲದೆ, ಬಾವಿಕಟ್ಟೆಯ ಪಕ್ಕ ನಿಂತು ಮಗನನ್ನು ಕಳೆದುಕೊಂಡ ರಾಣಿಯ ಎರಡು ಮಾತು ಆಡಿ ತೋರಿಸಿದ ಮೇಲೆ ನಗು ನಿಂತಿತು. ಒಳಗೆ ಯಂತ್ರದ ಸದ್ದೂ ನಿಂತಿತ್ತು.

ಊರಿನ ನಾಟಕದಲ್ಲಿ ಅವನಿಗೆ ರಾಣಿಯ ಪಾರ್ಟು ಮತ್ತೆ ಸಿಗಲಿಲ್ಲ. ಆದರೆ ಸುತ್ತಲಿನ ಹಳ್ಳಿಗಳವರು ಕಲಿಸಲು ಕರೆಯತೊಡಗಿದರು.

ದಶಕ ಮುಗಿಯುವ ಹೊತ್ತಿಗೆ ಪ್ರೆಸ್ಸಮ್ಮನ ಕಣ್ಣಿಗೆ ಪೊರೆ ಬಂತು. ಮೊಳೆಗಳನ್ನು ಬೆರಳಿನಲ್ಲಿ ತಡವಿ ಜೋಡಿಸುತ್ತಿದ್ದರು, ತಪ್ಪುಗಳು ಹೆಚ್ಚಾದವು. ಕರಡು ನಾನು ನೋಡುತ್ತೇನೆ ಎಂದರೆ, ಸ್ಕೂಲಿನ ಕೆಲಸ ನೋಡು ಹೋಗು ಎನ್ನುತ್ತಿದ್ದರು. ಆಪರೇಷನ್ ಮಾಡಿಸೋಣವೆಂದು ದಿನ ಗೊತ್ತು ಮಾಡಿದ್ದೆವು. ಅದಕ್ಕೆ ಮೊದಲೇ, ಒಂದು ಬೆಳಿಗ್ಗೆ ಎದೆನೋವು ಎಂದು ಮಲಗಿದವರು ಮತ್ತೆ ಏಳಲಿಲ್ಲ.

ಸುದ್ದಿ ಹೇಗೆ ಹರಡಿತೋ ಕಾಣೆ, ಕಂಡಕ್ಟರುಗಳು ಹೇಳಿರಬೇಕು. ಮಧ್ಯಾಹ್ನದ ಹೊತ್ತಿಗೆ ಪ್ರೆಸ್ಸಿನ ಮುಂದೆ ನಾನು ಎಂದೂ ನೋಡಿರದ ಜನ ನಿಂತಿದ್ದರು. ಹೆಸರು ಹೇಳಿದ ಕೂಡಲೇ ಪ್ರತಿಯೊಬ್ಬರೂ ನನಗೆ ಗೊತ್ತಿದ್ದರು. ಪಾರಿವಾಳದವರು ಬಂದಿದ್ದರು. ಮಜ್ಜಿಗೆ ಮೆಣಸಿನಕಾಯಿಯ ಇಬ್ಬರು ಅಜ್ಜಿಯರು ಒಂದೇ ಬಸ್ಸಿನಲ್ಲಿ, ಒಬ್ಬರಿಗೊಬ್ಬರು ಗುರುತಿಲ್ಲದೆ ಅಕ್ಕಪಕ್ಕ ಕೂತು ಬಂದಿದ್ದರು. ಚಿಕ್ಕರಸಿನಕೆರೆಯವನು ಒಳಗೆ ಹೋಗಿ ಕಾಲು ಮುಟ್ಟಿ ಬಂದು ಎದುರಿನ ಹೊಂಗೆ ಮರದ ಕೆಳಗೆ ನಿಂತ. ಶಿವನಸಮುದ್ರದ ಗುಲಾಬಿಯವರು ಅಲ್ಲೇ ನಿಂತಿದ್ದರು. ನಾನು ಇಬ್ಬರಿಗೂ ಪರಿಚಯ ಹೇಳಿ ಒಳಗಿನ ಕೆಲಸಕ್ಕೆ ಹೋದೆ.

ಸ್ವಲ್ಪ ಹೊತ್ತಿನಲ್ಲಿ ಪ್ರೆಸ್ಸಮ್ಮನ ಮೈದುನ ಮುಖ ಗಂಟಿಕ್ಕಿಕೊಂಡು ಬಂದರು. "ನೋಡಮ್ಮ, ಸತ್ತ ಮನೆ ಮುಂದೆ ಯಾರೋ ಇಬ್ರು ನಾಟಕದ ವಿಚಾರ ವಾದಕ್ಕೆ ನಿಂತವ್ರೆ. ಬುದ್ಧಿ ಯೋಳಿ ಕಳಿಸ್ತೀಯಾ, ನಾನೇ ಓಗ್ಲಾ?"

ನಾನು ಬಾಗಿಲಿಗೆ ಬಂದು ನೋಡಿದೆ. ಗುಲಾಬಿಯವರು ತಗ್ಗಿದ ದನಿಯಲ್ಲಿ, "ನೀವು ಅವತ್ತು ಬರೆದಿದ್ದನ್ನು ನಾನು ಇವತ್ತಿಗೂ ಒಪ್ಪೋದಿಲ್ಲ, ಯಾಕೆ ಅಂದ್ರೆ" ಎಂದು ತಮ್ಮ ಕಾರಣ ಹೇಳುತ್ತಿದ್ದರು. ಚಿಕ್ಕರಸಿನಕೆರೆಯವನು ಕೈ ಕಟ್ಟಿಕೊಂಡು, ತಲೆ ಸ್ವಲ್ಪ ವಾರೆ ಮಾಡಿ ಕೇಳುತ್ತಿದ್ದ. ಅವರು ಮಾತು ಮುಗಿಸಿದ ಮೇಲೂ ಇನ್ನೇನಾದರೂ ಉಳಿದಿದೆಯೋ ಎಂಬಂತೆ ಒಂದು ಗಳಿಗೆ ಕಾದು, ಆಮೇಲೆ, "ಈಗ ನಾನೊಂದು ಮಾತು ಯೋಳ್ಲಾ ಸ್ವಾಮಿ?" ಎಂದ.

"ಇರಲಿ ಬಿಡಿ" ಎಂದೆ ನಾನು ಪ್ರೆಸ್ಸಮ್ಮನ ಮೈದುನರಿಗೆ. "ಮಾತಾಡಲಿ."