ಟೈಲರಮ್ಮನ ದಪ್ಪ ಅಕ್ಷರಗಳು

ಚರ್ಚಿನ ಓಣಿಯಲ್ಲಿ ಟೈಲರಮ್ಮನ ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದಿಷ್ಟು ಜಾಗ. ಹೊಲಿಗೆ ಯಂತ್ರ, ಇಸ್ತ್ರಿ ಮೇಜು, ಒಂದು ಸ್ಟೂಲು ಇಟ್ಟ ಮೇಲೆ ಉಳಿಯುವುದು ಆಕೆ ನಿಲ್ಲುವಷ್ಟೇ. ಗಿರಾಕಿಗಳು ಹೊರಗೆ ನಿಂತೇ ಅಳತೆ ಕೊಡಬೇಕು. ಮೂವತ್ತು ವರ್ಷದಿಂದ ಅಲ್ಲೇ ಕತ್ತರಿ ಆಡಿಸುತ್ತಿದ್ದ ಆಕೆಗೆ ಚರ್ಚಿನ ಸೋಶಿಯಲ್ ಮೀಡಿಯಾ ಕೆಲಸ ಗಂಟುಬಿದ್ದದ್ದು ಒಂದು ಫ್ರಾಕಿನ ದೆಸೆಯಿಂದ. ತಾನು ಹೊಲಿದ ಫ್ರಾಕಿನ ಫೋಟೊ ತೆಗೆದು, ಮೂಲೆಗೊಂದು ಹೂವು ಅಂಟಿಸಿ ಫೋನಿನಲ್ಲಿ ಹಾಕಿದ್ದಳು. ಅದು ಪಾಸ್ಟರ್ ಕಣ್ಣಿಗೆ ಬಿತ್ತು.

"ಟೈಲರಮ್ಮ, ನಿಮಗೆ ಇದೆಲ್ಲ ಬರುತ್ತಾ? ಹಾಗಾದ್ರೆ ನಮ್ಮ ಚರ್ಚಿಂದೂ ನೀವೇ ನೋಡ್ಕೊಂಡ್ಬಿಡಿ" ಎಂದು ಅವರು ಕೈ ತೊಳೆದುಕೊಂಡರು.

ಕೆಲಸವೇನೋ ಸುಲಭವಾಗಿತ್ತು. ಫೋನಿನ ಆ್ಯಪಿನಲ್ಲಿ ರೆಡಿಮೇಡ್ ಚಿತ್ರಗಳು ರಾಶಿ ಬಿದ್ದಿದ್ದವು: ಹುಟ್ಟುವ ಸೂರ್ಯ, ಹಾರುವ ಪಾರಿವಾಳ, ಇಬ್ಬನಿ ಹೊತ್ತ ಗುಲಾಬಿ. ಮೇಲೆ ನಾಲ್ಕು ಮಾತು ಬರೆದು ಚರ್ಚಿನ ಫೋನ್ ಗುಂಪಿಗೆ ಹಾಕಿದರೆ ಮುಗಿಯಿತು. ರೆಡಿಮೇಡ್ ಬಟ್ಟೆ ಎಂದರೆ ಮೂಗು ಮುರಿಯುವ ಟೈಲರಮ್ಮ ಚಿತ್ರದ ವಿಷಯದಲ್ಲಿ ಮಾತ್ರ ರೆಡಿಮೇಡಿಗೇ ಶರಣಾದಳು. ತೊಂದರೆ ಏನೆಂದರೆ, ಅದೇ ಸೂರ್ಯ ಹಲ್ಲಿನ ಡಾಕ್ಟರ ಜಾಹೀರಾತಿನಲ್ಲೂ ಹುಟ್ಟುತ್ತಿದ್ದ, ವಿಮೆ ಕಂಪನಿಯವರಲ್ಲೂ ಹುಟ್ಟುತ್ತಿದ್ದ, ಬೆಳಗಾದರೆ ಗುಡ್ ಮಾರ್ನಿಂಗ್ ಕಳಿಸುವ ಎಲ್ಲ ನೆಂಟರ ಮನೆಯಲ್ಲೂ ಹುಟ್ಟುತ್ತಿದ್ದ. ಪ್ರಾರ್ಥನಾ ಕೂಟಕ್ಕೆ ಕರೆದರೆ ಮೂವತ್ತು ಜನ ‘ನಿಮಗೂ ಶುಭೋದಯ’ ಎಂದು ಉತ್ತರ ಬರೆದು ಮನೆಯಲ್ಲೇ ಹಾಯಾಗಿ ಕೂರುತ್ತಿದ್ದರು.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು, ಅತ್ತೆಯ ವಿಷಯವೊಂದು ನಡೆಯದೆ ಹೋಗಿದ್ದರೆ.

ಟೈಲರಮ್ಮನ ಜೊತೆಗೇ ಇದ್ದ ಅತ್ತೆಗೆ ಎಂಬತ್ತು ವರ್ಷ. ಓದು ಬರದು. ಆದರೆ ಚರ್ಚಿನ ಗಾಯನ ತಂಡದಲ್ಲಿ ನಲವತ್ತು ವರ್ಷದಿಂದ ನಡುಸಾಲಿನಲ್ಲಿ ನಿಂತವರು. ಹಾಡಿನ ಪುಸ್ತಕ ಹಿಡಿಯುವುದು ಬರೀ ಶಿಸ್ತಿಗೆ; ಇನ್ನೂರು ಹಾಡು ಬಾಯಿಪಾಠ. ಅಭ್ಯಾಸ ಯಾವತ್ತು, ಎಷ್ಟು ಹೊತ್ತಿಗೆ ಎನ್ನುವುದು ವಾರಕ್ಕೊಂದು ಥರ. ಅದನ್ನು ಹೇಳಲು ಪಕ್ಕದ ಓಣಿಯ ಗೆಳತಿ ಇದ್ದರು. ಗೇಟಿನಲ್ಲಿ ನಿಂತು ಒಂದು ಕೂಗು ಹಾಕಿದರೆ ಇಬ್ಬರೂ ಜೊತೆಯಾಗಿ ಹೊರಡುತ್ತಿದ್ದರು. ಆ ಗೆಳತಿ ಮಗಳ ಊರಿಗೆ ಹೋಗಿ ನೆಲೆಸುವುದೆಂದಾಯಿತು. ಚರ್ಚಿನ ಸಭಾಂಗಣದಲ್ಲಿ ಬೀಳ್ಕೊಡುಗೆಯ ಚಹಾ ಕೂಟ. ಟೈಲರಮ್ಮ ಗುಲಾಬಿಯ ಚಿತ್ರ ಹಾಕಿ ಕಳಿಸಿ, ಅತ್ತೆಗೆ ಗೊತ್ತೇ ಇರುತ್ತದೆ ಎಂದುಕೊಂಡು ಹೊಲಿಗೆಯಲ್ಲಿ ಮುಳುಗಿದಳು. ಅತ್ತೆ ಫೋನಿನಲ್ಲಿ ಗುಲಾಬಿ ನೋಡಿದರು, ಯಾರದೋ ಗುಡ್ ಮಾರ್ನಿಂಗ್ ಎಂದುಕೊಂಡರು, ಮಗ್ಗುಲು ಬದಲಿಸಿ ಮಲಗಿದರು.

ಗೆಳತಿ ಕೊನೆಯವರೆಗೂ ಬಾಗಿಲು ನೋಡಿ ನೋಡಿ, ‘ನಾನು ಹೋಗುತ್ತೇನೆಂದು ಸಿಟ್ಟು ಬಂದಿರಬೇಕು’ ಎಂದು ಮುಖ ಸಣ್ಣ ಮಾಡಿಕೊಂಡು ಹೊರಟರು. ಹೇಳದೆ ಹೋದಳೆಂದು ಅತ್ತೆ ಮುಖ ಊದಿಸಿಕೊಂಡರು. ಆಮೇಲೆ ಫೋನಿನಲ್ಲಿ ಎಲ್ಲ ಸರಿಹೋಯಿತೆನ್ನಿ. ಆದರೆ ಅತ್ತೆ ಗಾಯನ ತಂಡಕ್ಕೆ ಹೋಗುವುದನ್ನೇ ಬಿಟ್ಟರು.

"ಯಾಕೆ ಅತ್ತೆ? ನಾನು ಹೇಳ್ತೀನಲ್ಲ ಯಾವತ್ತು ಅಂತ."

"ದಿನಾ ನಿನ್ನ ಬಾಯಿ ಕಾಯ್ಕೊಂಡು ಕೂರ್ಬೇಕೇನೇ ನಾನು? ನೀನು ಮರೆತ್ರೆ ನನ್ನ ಹಾಡೂ ಹೋಯ್ತು. ಸಾಕು ಬಿಡು, ಹಾಡಿದ್ದು ಆಯ್ತು."

ಟೈಲರಮ್ಮನಿಗೆ ಈ ಮಾತು ಚೆನ್ನಾಗಿ ನಾಟಿತು. ತಪ್ಪು ತನ್ನದೇ. ಅತ್ತೆ ಹಾಡದ ಮನೆ ಎಷ್ಟು ಬಿಕೋ ಎನ್ನುತ್ತದೆ ಎಂಬುದೂ ಆ ವಾರದಲ್ಲೇ ಗೊತ್ತಾಯಿತು. ಯಾರೂ ಓದಿ ಹೇಳದೆ ಅತ್ತೆಗೆ ತಾನಾಗಿಯೇ ತಿಳಿಯುವಂಥ ಚಿತ್ರ ಬೇಕು ಎಂದು ಆಕೆಗೆ ಹಠ ಹತ್ತಿತು.

ಉಪಾಯ ಹೊಳೆದದ್ದು ಚೂರು ಬಟ್ಟೆಗಳ ಚೀಲ ಕೊಡವುವಾಗ. ಗಾಯನ ತಂಡದ ಮೆರೂನ್ ನಿಲುವಂಗಿ, ಚರ್ಚಿನ ಕಿಟಕಿಯ ಹಸಿರು ಪರದೆ, ಮಕ್ಕಳ ಪಾಠಶಾಲೆಯ ಚೌಕಳಿ ಚೀಲ, ಎಲ್ಲವನ್ನೂ ಹೊಲಿದವಳು ಆಕೆಯೇ. ಎಲ್ಲದರ ಚೂರುಗಳೂ ಅಲ್ಲಿದ್ದವು. ಹಾಡಿನ ಸುದ್ದಿಗೆ ಮೆರೂನ್ ಬಟ್ಟೆ, ಆರಾಧನೆಯ ಸುದ್ದಿಗೆ ಪರದೆಯ ಹಸಿರು, ಮಕ್ಕಳದ್ದಕ್ಕೆ ಚೌಕಳಿ. ಬಟ್ಟೆಯಲ್ಲೇ ಅಕ್ಷರ ಕತ್ತರಿಸಿ, ಬಿಳಿ ದುಪ್ಪಟಿಯ ಮೇಲೆ ಜೋಡಿಸಿ ಫೋಟೊ ಹೊಡೆಯುವುದು. ಎಷ್ಟು ಗಂಟೆಗೋ ಅಷ್ಟು ಗುಂಡಿ ಕೆಳಗೆ ಸಾಲಾಗಿ ಇಡುವುದು. ಕಾರ್ಯಕ್ರಮದ ದಿನವೇ ಕಳಿಸುವುದು.

ಪಾಸ್ಟರ್‌ಗೆ ಖುಷಿಯಾಯಿತು. "ಅಕ್ಷರ ಮಾತ್ರ ನಮ್ಮ ಮೇಷ್ಟ್ರ ಹತ್ರ ಬರೆಸಿ" ಎಂದರು. ಮೇಷ್ಟ್ರು ಎಂದರೆ ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಚರ್ಚಿನ ಸಮಿತಿಯ ಹಿರಿಯರು. ಗೋಡೆಗೆ ಮೊಳೆ ಹೊಡೆಯುವುದಿದ್ದರೂ ಸ್ಕೇಲ್ ಹಿಡಿದು ಬರುವವರು. ಮೂರು ದಿನ ಕೂತು, ನಾಜೂಕಾದ ತೆಳು ಅಕ್ಷರಗಳನ್ನು ಕಾಗದದಲ್ಲಿ ಬರೆದುಕೊಟ್ಟರು.

ಟೈಲರಮ್ಮ ‘ಹಾಡಭ್ಯಾಸ’ ಎಂದು ಬರೆದ ಕಾಗದವನ್ನು ಮೆರೂನ್ ಬಟ್ಟೆಯ ಮೇಲಿಟ್ಟಳು, ಸೀಮೆಸುಣ್ಣದಲ್ಲಿ ಗೆರೆ ಎಳೆದಳು, ಒಂದೇ ಉಸಿರಿಗೆ ಕತ್ತರಿಸಿ ಮುಗಿಸಿದಳು. ಜೋಡಿಸಿ ನೋಡಿದರೆ, ಅಕ್ಷರಗಳೆಲ್ಲ ಹಬೆಯಲ್ಲಿ ಉಬ್ಬಿದ ಹಾಗಿವೆ! ಹೊಟ್ಟೆಗಳು ಒಂದಕ್ಕೊಂದು ಒತ್ತಿವೆ, ಒಳಗಿನ ಕಂಡಿಗಳು ಮುಚ್ಚಿಹೋಗುವಷ್ಟು ಕಿರಿದಾಗಿವೆ. ಏನಾಯಿತೆಂದು ತಿಳಿಯಲು ಒಂದು ನಿಮಿಷ ಬೇಕಾಯಿತು. ಮೂವತ್ತು ವರ್ಷ ಗೆರೆಯಿಂದ ಅರ್ಧ ಇಂಚು ಆಚೆಗೇ ಕತ್ತರಿಸಿದ ಕೈ ಅದು. ಹೊಲಿಗೆಗೆಂದು ಬಟ್ಟೆ ಬಿಡದೆ ಅದಕ್ಕೆ ಕತ್ತರಿಸಲು ಬರುವುದೇ ಇಲ್ಲ. ಅಕ್ಷರಕ್ಕೂ ಸುತ್ತಲೂ ಅರ್ಧ ಇಂಚು ಮಾರ್ಜಿನ್ ಬಿಟ್ಟಿತ್ತು.

ಅಷ್ಟರಲ್ಲಿ ಮೇಷ್ಟ್ರು ಬಂದೇಬಿಟ್ಟರು.

"ಏನಮ್ಮ ಇದು! ನನ್ನ ಅಕ್ಷರಕ್ಕೆ ಬೊಜ್ಜು ಬಂದಿದೆ!"

"ಕೈ ತಪ್ಪಿತು ಮೇಷ್ಟ್ರೇ. ಮತ್ತೆ ಕತ್ತರಿಸ್ತೀನಿ."

"ಅಳತೆ ಅನ್ನೋದು ಬೇಡ್ವಾ? ಟೈಲರ್ ಆಗಿ ನೀವೇ ಹೀಗೆ ಮಾಡಿದ್ರೆ!"

ಟೈಲರಮ್ಮನ ಮುಖ ಕೆಂಪಗಾಯಿತು. ಜೀವನದಲ್ಲಿ ಒಬ್ಬ ಗಿರಾಕಿಯಿಂದಲೂ ಕೇಳದ ಮಾತದು. ಮಧ್ಯಾಹ್ನದ ಚಹಾ ತಂದ ಅತ್ತೆ ಫ್ಲಾಸ್ಕ್ ಹಿಡಿದು ಹೊರಗೆ ನಿಂತಿದ್ದರು. ದುಪ್ಪಟಿಯನ್ನು ನೋಡಿ ಅವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇವು ಯಾರ ಮನೆ ಮಕ್ಕಳೇ, ಇಷ್ಟು ಗುಂಡುಗುಂಡಾಗಿವೆ? ನಾಲ್ಕೂ ಉಂಡು ಬಂದು ಕೂತ ಹಾಗಿವೆ ನೋಡು!" ಆಮೇಲೆ ಬಗ್ಗಿ ಬಟ್ಟೆ ಮುಟ್ಟಿದರು. "ಇದು ನಮ್ಮ ನಿಲುವಂಗಿ ಬಟ್ಟೆ ಅಲ್ವೇನೇ? ಏನು, ಹಾಡಿನ ವಿಷಯನಾ?"

ಟೈಲರಮ್ಮ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಸೂರು ನೋಡಿದರು. ಯಾರೂ ಓದಿ ಹೇಳಿರಲಿಲ್ಲ.

ಸಮಿತಿಯಲ್ಲಿ ಒಂದು ಗಂಟೆ ವಾದ ನಡೆಯಿತು. ಅಕ್ಷರದ ಅಂದಚಂದದ ಬಗ್ಗೆ ಮೇಷ್ಟ್ರು ಮುಕ್ಕಾಲು ಗಂಟೆ ಮಾತಾಡಿದರು. ಟೈಲರಮ್ಮ ಆ ದುಪ್ಪಟಿಯ ಫೋಟೊ ಪಾಸ್ಟರ್‌ಗೆ ಕಳಿಸಿದ್ದಳು. ಅವರು ತಮ್ಮ ಫೋನನ್ನು ಮೇಜಿನ ಮೇಲಿಟ್ಟು, ಬೆರಳಿನಿಂದ ಚಿತ್ರಗಳನ್ನು ಸರಸರ ಸರಿಸುತ್ತಾ ಹೋದರು. ಸೂರ್ಯ, ಸೂರ್ಯ, ಗುಲಾಬಿ, ಹಲ್ಲಿನ ಡಾಕ್ಟರು, ಸೂರ್ಯ, ಮತ್ತೆ ಫಕ್ಕನೆ ಬಿಳಿಯ ಮೇಲೆ ಮೆರೂನ್ ಬಣ್ಣದ ನಾಲ್ಕು ಗುಂಡಣ್ಣರು. ಸುತ್ತ ಕೂತವರೆಲ್ಲ ಒಟ್ಟಿಗೆ "ಹಾಂ, ಇದು ನಮ್ದು!" ಎಂದರು. ತಮ್ಮ ಬಾಯಿಂದಲೂ ಅದೇ ಮಾತು ಬಂದದ್ದಕ್ಕೆ ಮೇಷ್ಟ್ರಿಗೆ ಬಹಳ ಬೇಜಾರಾಯಿತು. "ಒಂದು ತಿಂಗಳು ನೋಡೋಣ" ಎಂದು ಎದ್ದರು.

ಗುಂಡಿ ಎಷ್ಟೋ ಅಷ್ಟು ಗಂಟೆಗೆ, ಚಿತ್ರ ಬಂದ ದಿನವೇ ಕಾರ್ಯಕ್ರಮ ಎಂದು ಪಾಸ್ಟರ್ ಆರಾಧನೆಯಲ್ಲಿ ಎಲ್ಲರಿಗೂ ತಿಳಿಸಿದರು. ಆದರೆ ಅತ್ತೆ ಜಗ್ಗಲಿಲ್ಲ. ಮೆರೂನ್ ಚಿತ್ರ ಎರಡು ಸಲ ಬಂದರೂ ನೋಡಿ ಫೋನು ಕವುಚಿಟ್ಟರು. ಟೈಲರಮ್ಮ ಬೇಕೆಂದೇ ಬಾಯಿ ಬಿಗಿಹಿಡಿದಳು. ತಾನೇ ಕರೆದುಕೊಂಡು ಹೋಗುವುದಾದರೆ ಇಷ್ಟೆಲ್ಲ ಕತ್ತರಿಸಿದ್ದೇಕೆ?

ಮೂರನೆಯ ವಾರ ಆಕೆ ಊರಿನ ಇನ್ನೊಂದು ತುದಿಯಲ್ಲಿ, ಮದುಮಗಳೊಬ್ಬಳಿಗೆ ಬಟ್ಟೆಯ ಅಳತೆ ಸರಿಪಡಿಸುತ್ತಿದ್ದಳು. ಬಾಯಿ ತುಂಬ ಪಿನ್ನು. ಪಾಸ್ಟರ್ ಫೋನು ಬಂತು: ಭಾನುವಾರದ ಹಾಡು ಇನ್ನೂ ಕೂತಿಲ್ಲ, ಇವತ್ತೇ ನಾಲ್ಕಕ್ಕೆ ಅಭ್ಯಾಸ, ನಡುಸಾಲಿನಲ್ಲಿ ದನಿಯೇ ಸಾಲುತ್ತಿಲ್ಲ. ಎಲ್ಲ ಗಂಟೆಗೂ ಒಂದೊಂದು ಫೋಟೊ ಆಕೆಯ ಫೋನಿನಲ್ಲಿ ಸಿದ್ಧವಿತ್ತು. ಮೆರೂನ್ ಅಕ್ಷರ, ನಾಲ್ಕು ಗುಂಡಿ. ಕಳಿಸಿದಳು.

ಅತ್ತೆಗೆ ಒಂದು ಕರೆ ಮಾಡಿಬಿಡಲು ಬೆರಳು ತುರಿಸಿತು. ಮಾಡಲಿಲ್ಲ; ಫೋನನ್ನು ಚೀಲದ ತಳಕ್ಕೆ ತುರುಕಿದಳು. ಮದುಮಗಳ ಸೊಂಟಕ್ಕೆ ಎರಡು ಸಲ ಪಿನ್ನು ಚುಚ್ಚಿ ಬೈಸಿಕೊಂಡಳು. ಬಸ್ಸು ಹತ್ತಿದರೆ ಸಿಗ್ನಲ್ಲಿಗೊಂದು ಸಲ ನಿಲ್ಲುವ ಬಸ್ಸು. ನಾಲ್ಕೂ ಆಯಿತು, ನಾಲ್ಕೂಕಾಲೂ ಆಯಿತು. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿರುವುದೇ ಕಣ್ಣ ಮುಂದೆ ಬಂದು ಆಕೆಗೆ ಅಳು ಬರುವಂತಾಯಿತು.

ಮನೆ ಮುಟ್ಟಿದರೆ ಬಾಗಿಲಿಗೆ ಬೀಗ! ಎಂಬತ್ತರ ಜೀವ ಒಬ್ಬರೇ ಎಲ್ಲಿಗೆ ಹೋದರು? ಕರೆ ಮಾಡೋಣವೆಂದು ಫೋನು ತೆಗೆದರೆ ಚರ್ಚಿನ ಗುಂಪಿನಲ್ಲಿ ನಗುಮುಖಗಳ ಜಾತ್ರೆಯೇ ನೆರೆದಿತ್ತು. ಎಲ್ಲಕ್ಕಿಂತ ಮೇಲೆ, ಮೂರೂವರೆಗೆ ಬಂದಿದ್ದ ಒಂದು ಧ್ವನಿ ಸಂದೇಶ. ಅತ್ತೆ ಗುಂಪಿಗೆ ಹಾಕಿದ ಮೊತ್ತಮೊದಲ ಮಾತು. ಟೈಲರಮ್ಮ ಒತ್ತಿದಳು.

"ಪಾಸ್ಟರ್, ನಾನು ಮಾತಾಡ್ತಾ ಇರೋದು. ಮನೇಲಿ ಹೇಳೋರು ಯಾರೂ ಇಲ್ಲ, ಆದ್ರೂ ಮೆರೂನ್ ಬಟ್ಟೆ ನೋಡ್ದೆ. ಗುಂಡಿ ಎಣಿಸ್ದೆ, ನಾಲ್ಕು. ನಿಲುವಂಗಿಗೆ ಇಸ್ತ್ರಿ ಆಗಿದೆ, ಹೊರಟಿದ್ದೀನಿ. ನಮ್ಮ ಸೊಸೆ ಬಂದ್ರೆ ಬೀಗದ ಕೈ ಎದುರುಮನೇಲಿದೆ ಅಂತ ಹೇಳಿ. ನನ್ನನ್ನ ಕರ್ಕೊಂಡು ಹೋಗೋಕೆ ಯಾರೂ ಬರಬೇಡಿ. ನನಗೇ ಗೊತ್ತಾಯ್ತು."

ಟೈಲರಮ್ಮ ಅಲ್ಲೇ ಬಾಗಿಲ ಮೆಟ್ಟಿಲ ಮೇಲೆ ಕೂತಳು. ಕಣ್ಣೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು. ಎದುರುಮನೆಯಾಕೆ ಬೀಗದ ಕೈ ಹಿಡಿದು ಓಡಿಬಂದು "ಯಾಕ್ರೀ, ಏನಾಯ್ತು?" ಎಂದು ಕೇಳಿದಳು. ಟೈಲರಮ್ಮ ಫೋನನ್ನು ಆಕೆಯ ಕಿವಿಗೆ ಹಿಡಿದು ಮತ್ತೆ ಒತ್ತಿದಳು.

"...ಯಾರೂ ಬರಬೇಡಿ. ನನಗೇ ಗೊತ್ತಾಯ್ತು."