ಇಪ್ಪತ್ತಾರನೆಯ ಉತ್ತರ

ನನ್ನ ಹೆಂಡತಿ ಶಹಾಪುರದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತಾಳೆ. ಯಾದಗಿರಿಯಲ್ಲಿ ನಡೆಯುವ ರಸಪ್ರಶ್ನೆ ಸ್ಪರ್ಧೆಗೆ ಇಬ್ಬರನ್ನು ಆರಿಸಲು ತನ್ನ ತರಗತಿಯ ನಲವತ್ತು ಮಕ್ಕಳಿಗೆ ಇಪ್ಪತ್ತೈದು ಪ್ರಶ್ನೆಗಳ ಪರೀಕ್ಷೆ ಇಟ್ಟಿದ್ದಳು. ಪ್ರತಿ ಪ್ರಶ್ನೆಗೂ ಅ, ಆ, ಇ, ಈ ಎಂದು ನಾಲ್ಕು ಆಯ್ಕೆ. ಭಾನುವಾರ ಸಂಜೆಯೊಳಗೆ ಎರಡು ಹೆಸರು ಹೆಡ್‌ಮಾಸ್ಟರಿಗೆ ಹೋಗಬೇಕಿತ್ತು.

ದಿನಪತ್ರಿಕೆಯಲ್ಲಿ ವರ್ಷಗಟ್ಟಲೆ ಬೇರೆಯವರ ತಪ್ಪು ತಿದ್ದಿದ ಅನುಭವದ ಮೇಲೆ ನಾನು ಕೆಂಪು ಪೆನ್ನು ಬೇಡವೆಂದೆ. ಲ್ಯಾಪ್‌ಟಾಪಿನಲ್ಲಿ ಸ್ಪ್ರೆಡ್‌ಶೀಟ್ ತೆರೆದು ಮೊದಲ ಸಾಲಿಗೆ ಸರಿಯುತ್ತರ ತುಂಬಿದೆ. ಕೆಳಗಿನ ಇಪ್ಪತ್ತೈದು ಕಾಲಮ್ಮುಗಳಿಗೆ ಷರತ್ತು ಹಾಕಿದೆ: ಮೇಲಿನ ಅಕ್ಷರಕ್ಕೆ ಹೊಂದಿದರೆ ಹಸಿರು, ಹೊಂದದಿದ್ದರೆ ಕೆಂಪು. ಅವಳು ಉತ್ತರ ಓದಬೇಕು, ನಾನು ಪರದೆಯ ಕಡೆ ನೋಡದೆ ಟೈಪ್ ಮಾಡಬೇಕು.

ಕೆಲಸ ಚುರುಕಾಗಿ ಸಾಗಿತು. ಒಬ್ಬ ಹುಡುಗ ಇಪ್ಪತ್ಮೂರು ಪಡೆದ. ಕೊನೆಗೆ ಶಿರವಾಳದ ಹುಡುಗಿಯ ಹಾಳೆ ಬಂತು. ಎರಡನೆಯ ಹೆಸರು ಅವಳದೇ ಎಂದು ಹೆಂಡತಿ ಮೊದಲೇ ತೀರ್ಮಾನಿಸಿದ್ದಳು. ಎಂಟು ಉತ್ತರ ಓದುವಷ್ಟರಲ್ಲಿ ಪಕ್ಕದ ಮನೆಯಾಕೆ ನಲ್ಲಿ ನೀರು ವಿಚಾರಿಸಲು ಕಾಂಪೌಂಡಿನಾಚೆಯಿಂದ ಕೂಗಿದಳು.

"ಟೀಚರ್ರ, ನಳಾ ಬಂದಾವೇನ್ರಿ?"

"ಆಂ?"

"ನಳಾ, ನಳಾ!"

"ಇನ್ನೂ ಇಲ್ರಿ!"

ಹೆಂಡತಿ ಮತ್ತೆ ಓದಲು ತೊಡಗಿದಳು. ಮುಗಿದಾಗ ಪರದೆ ನೋಡಿದರೆ ಆ ಸಾಲಿನ ಮೊದಲ ಎಂಟು ಮನೆ ಹಸಿರು, ಮುಂದೆ ಹೆಚ್ಚುಕಡಿಮೆ ಎಲ್ಲ ಕೆಂಪು. ಒಟ್ಟು ಹನ್ನೆರಡು.

ಹೆಂಡತಿ ಸೀದಾ ಹುಡುಗಿಯ ಮನೆಗೆ ಫೋನ್ ಮಾಡಿದಳು.

"ಪರೀಕ್ಷಾದಾಗ ನಿದ್ದಿ ಮಾಡಿದ್ದೇನವಾ? ಹನ್ನೆರಡ ಬಂದಾವ."

"ಇಲ್ರಿ ಟೀಚರ್. ಒಂದಽ ತಪ್ಪಾಗೇತ್ರಿ, ಹದಿನಾಲ್ಕನೇದು. ಉಳಿದಾವೆಲ್ಲ ಸರಿ ಅದಾವ್ರಿ," ಎಂಬ ಗಟ್ಟಿ ಉತ್ತರ ನನಗೂ ಕೇಳಿಸಿತು.

"ಎಷ್ಟ ಸೊಕ್ಕ ನೋಡ್ರಿ ಇಕಿಗೆ!" ಎಂದು ಹೆಂಡತಿ ಫೋನ್ ಇಟ್ಟಳು. ಎರಡನೆಯ ಜಾಗಕ್ಕೆ ಇಪ್ಪತ್ತು ಪಡೆದ ಇನ್ನೊಬ್ಬನ ಹೆಸರು ಬರೆಯಲು ಹೊರಟವಳು, ಪರದೆಯನ್ನು ಮತ್ತೊಮ್ಮೆ ನೋಡಿ ನಿಂತಳು.

"ರೀ, ಇದೇನು?"

ಆ ಸಾಲಿನ ತುದಿಯಲ್ಲಿ, ಬಣ್ಣದ ಗಡಿಯ ಆಚೆ, ಬಿಳಿಯ ಮನೆಯಲ್ಲಿ ಒಂದು 'ಇ' ಒಂಟಿಯಾಗಿ ಕೂತಿತ್ತು. ಇಪ್ಪತ್ತೈದು ಪ್ರಶ್ನೆಗೆ ಹುಡುಗಿ ಇಪ್ಪತ್ತಾರು ಉತ್ತರ ಕೊಟ್ಟಿದ್ದಳು. ಹಾಳೆಯನ್ನು ಪರದೆಗೆ ಹಿಡಿದು ಒಂದೊಂದೇ ನೋಡಿದೆವು. ಒಂಬತ್ತನೆಯ ಮನೆಯಲ್ಲಿದ್ದ 'ಆ' ಹಾಳೆಯಲ್ಲಿರಲಿಲ್ಲ.

"ಪಕ್ಕದ ಮನಿಯಾಕಿಗೆ ನಾ 'ಆಂ' ಅಂದದ್ದನ್ನೂ ಬರದೀರಲ್ಲ!"

"ನೀ ಹೇಳಿದ್ದನ್ನಷ್ಟಽ ಬರದೀನಿ," ಎಂದೆ. ವರದಿಗಾರರಿಗೆ ಇದನ್ನೇ ಕಲಿಸಿದ್ದೆ. ಸಮರ್ಥನೆ ಅಂಗೀಕಾರವಾಗಲಿಲ್ಲ.

ಆ ಮನೆಯನ್ನು ಅಳಿಸಿ ಉಳಿದವನ್ನು ಎಡಕ್ಕೆ ಸರಿಸಿದೆ. ಸಾಲು ಹಸಿರಾಯಿತು, ಹದಿನಾಲ್ಕನೆಯದೊಂದನ್ನು ಬಿಟ್ಟು. ಇಪ್ಪತ್ನಾಲ್ಕು. ಹೆಡ್‌ಮಾಸ್ಟರಿಗೆ ಎರಡು ಹೆಸರು ಹೋದವು, ಹುಡುಗಿಯದು ಮೊದಲು.

ಹೆಂಡತಿ ಮತ್ತೆ ಫೋನ್ ಮಾಡಿದಳು. "ತಪ್ಪ ನಿಂದಲ್ಲವಾ. ನಮ್ಮ ಮನಿಯವರು ಟೈಪ್ ಮಾಡಾಕ ಕೂತಿದ್ರು."

"ಇರ್ಲಿ ಬಿಡ್ರಿ ಟೀಚರ್. ನನ್ನ ಜೋಡಿ ಯಾರ ಬರ್ತಾರ್ರಿ?"

ಹೆಂಡತಿ ಹುಡುಗನ ಹೆಸರು ಹೇಳಿದಳು.

"ಅಂವಾ ಎಷ್ಟ ತಗೊಂಡಾನ್ರಿ?"

"ಇಪ್ಪತ್ಮೂರು."

"ಹಂಗಾದ್ರ ಬರ್ಲಿ ಬಿಡ್ರಿ," ಎಂದಳು ಹುಡುಗಿ.