ಲಕೋಟೆಯೊಳಗಿನ ಎರಡನೆಯ ಚಿತ್ರ

ನನ್ನ ನೆಗೆಣ್ಣಿ ನೀಲವ್ವ ವಿಲಾಯತಿಗೆ ಹೋಗದಂತೆ ಮಾಡಿದವಳು ನಾನು. ಆಕೆಯ ಗಂಡನಲ್ಲ, ಹಣೆಬರಹವೂ ಅಲ್ಲ — ನಾನು. ಹೊಟ್ಟೆಕಿಚ್ಚಿನಿಂದ ಮಾಡಿದೆ. ಅದಕ್ಕೆ ಬೇರೆ ಹೆಸರಿಟ್ಟರೆ ಸುಳ್ಳಾಗುತ್ತದೆ.

ಅರವತ್ತರ ಇಸವಿಯ ಆಚೀಚಿನ ಮಾತು. ಆಗ ನಾವೆಲ್ಲ ವಿಜಾಪುರದ ಜೋರಾಪುರ ಪೇಟೆಯ ಮನೆಯಲ್ಲಿದ್ದೆವು. ನಮ್ಮವರು ಬಬಲೇಶ್ವರದ ಹೊಲ ನೋಡುತ್ತಿದ್ದರು. ಮೈದುನ ಲಂಡನ್ನಿನಲ್ಲಿ ಡಾಕ್ಟರಕಿ ಕಲಿಯುತ್ತಿದ್ದ. ಅವನ ಹೆಂಡತಿ ನೀಲವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ನಾನು ತಿಕೋಟಾದ ಸಾಲೆಯಲ್ಲಿ ನಾಲ್ಕನೆಯ ಇಯತ್ತೆ ಮುಗಿಸಿದವಳು. ಗಂಡ ಹೆಂಡತಿಗೆ ಬರೆದದ್ದನ್ನು ಮೂರನೆಯವಳು ಓದಿ ಹೇಳಬೇಕು — ನಮ್ಮ ಮನೆಯಲ್ಲಿ ಆ ಮೂರನೆಯವಳು ನಾನು.

ಒಂದು ಸಲ ಕಾಗದದ ಜೊತೆ ಎರಡು ಬಣ್ಣದ ಚಿತ್ರ ಬಂದವು. ಒಂದು ಪ್ಯಾರಿಸ್, ಎತ್ತರದ ಕಬ್ಬಿಣದ ಗೋಪುರ. ಇನ್ನೊಂದು ರೋಮ್, ಕಲ್ಲಿನ ಮೂರ್ತಿಗಳ ನಡುವೆ ಚಿಮ್ಮುವ ಕಾರಂಜಿ. ಹಡಗಿನ ಟಿಕೆಟ್ಟು ಕಳಿಸುತ್ತೇನೆ, ಬಾ. ಎಂಟು ದಿನ ರಜೆಯಿದೆ, ಎರಡರಲ್ಲಿ ಒಂದು ಊರು ನೋಡೋಣ. ಬೇರೆಯವರ ಕೈಲಿ ಬರೆಸುವುದು ಬೇಡ, ಇಷ್ಟವಾದ ಚಿತ್ರವನ್ನು ಲಕೋಟೆಯಲ್ಲಿ ಹಾಕಿ ತಿರುಗಿ ಕಳಿಸು — ಹೀಗೆ ಬರೆದಿದ್ದ. ಕೊನೆಗೆ ಮತ್ತೊಂದು ಸಾಲು: ಬರಲು ಮನಸ್ಸಿಲ್ಲದಿದ್ದರೆ ಎರಡನ್ನೂ ಕಳಿಸು, ನಾನು ಮತ್ತೆ ಕೇಳುವುದಿಲ್ಲ.

ಆ ಕೊನೆಯ ಸಾಲನ್ನು ನಾನು ಓದಿ ಹೇಳಲಿಲ್ಲ. ಯಾಕೆ ಬಿಟ್ಟೆನೋ ಗೊತ್ತಿಲ್ಲ ಎಂದು ಬರೆಯಬಹುದಿತ್ತು... ಗೊತ್ತಿತ್ತು.

ನಮ್ಮ ಮಾಳಿಗೆಯ ಮೇಲೆ ನಿಂತರೆ ಗೋಳಗುಮ್ಮಟ ಕಾಣುತ್ತಿತ್ತು. ಮದುವೆಯಾಗಿ ಒಂಬತ್ತು ವರ್ಷ, ನಮ್ಮವರು ನನ್ನನ್ನು ಅಲ್ಲಿಗೂ ಕರೆದೊಯ್ದಿರಲಿಲ್ಲ. ಕೇಳಿದರೆ, "ಇಲ್ಲಿಂದನ ಕಾಣತೈತಲ್ಲ, ಮತ್ತ ಅಲ್ಲಿ ಹೋಗಿ ಏನ್ ಮಾಡ್ತಿ?" ಎನ್ನುತ್ತಿದ್ದರು. ಈಕೆಗೆ ನೋಡಿ, ಎರಡೆರಡು ಊರು — ಅದರಲ್ಲಿ ಯಾವುದು ಎಂಬ ಚಿಂತೆ ಬೇರೆ!

ಮೂರು ದಿನ ಆರಿಸಿದಳು. ರೊಟ್ಟಿ ಬಡಿಯುವಾಗಲೂ ಚಿತ್ರಗಳು ಎದುರಿಗೇ.

"ಅಕ್ಕಾ, ಈ ಗೋಪುರ ಏರಿದ್ರ ತಲಿ ತಿರಗತೈತೇನ ಬೇ?"

"ನಿನ್ನ ತಲಿ ಈಗನ ತಿರಗೈತಿ. ರೊಟ್ಟಿ ಕರಕಾಗಾಕತ್ತೈತಿ ನೋಡು," ಎಂದೆ.

ನಕ್ಕಳು. ಕೊನೆಗೆ ಕಾರಂಜಿಯನ್ನು ಆರಿಸಿದಳು. "ಇಷ್ಟ ನೀರು ಸುಮ್ಮನ ಹಾರಸ್ತಾರಲ್ಲ, ಅದನ್ನ ನೋಡಬೇಕು." ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವಳ ಮಾತು ಅದು. ಆಮೇಲೆ ಗೋಪುರದ ಚಿತ್ರವನ್ನು ನನ್ನ ಕೈಗಿಟ್ಟು, "ಇದು ನಿನಗಿರ್ಲಿ ಅಕ್ಕಾ," ಎಂದಳು.

ಪ್ರೀತಿಯಿಂದಲೇ ಕೊಟ್ಟಳು. ನನಗೆ ಕೇಳಿಸಿದ್ದೇ ಬೇರೆ — ನನಗೆ ಬೇಡವಾದ ಊರು ನಿನಗೆ.

ವಿಳಾಸ ಬರೆದು ಲಕೋಟೆ ಅಂಟಿಸುವ ಕೆಲಸ ನನ್ನದು. ಕಾರಂಜಿಯ ಬೆನ್ನಿಗೆ ಗೋಪುರವನ್ನೂ ಇಟ್ಟೆ. ಅಂಟಿಸಿದೆ. ಸಿದ್ಧೇಶ್ವರ ಗುಡಿಯ ಕಡೆ ಹೋಗಿ ಟಪಾಲು ಡಬ್ಬಿಗೆ ಹಾಕಿ, ಗುಡಿಯೊಳಗೆ ಹೋಗದೆ ಬಂದೆ.

ಟಿಕೆಟ್ಟು ಬರಲಿಲ್ಲ. ಈ ಸಲ ಆಗುವುದಿಲ್ಲ ಎಂದು ಮಾವನವರಿಗೆ ಒಂದು ಕಾಗದ ಬಂತು. ಅದನ್ನೂ ನಾನೇ ಓದಿದೆ. ಹಡಗಿಗೆಂದು ತೆಗೆದಿಟ್ಟಿದ್ದ ಇಳಕಲ್ಲ ಸೀರೆಯನ್ನು ನೀಲವ್ವ ಮನೆಗೆಲಸದಲ್ಲೇ ಉಟ್ಟು ಹರಿದಳು.

ಎರಡು ವರ್ಷಕ್ಕೆ ಮೈದುನ ತಿರುಗಿ ಬಂದ. ಬರೆದಂತೆಯೇ ನಡೆದುಕೊಂಡ — ಮತ್ತೆ ಕೇಳಲಿಲ್ಲ. ಬಂದವರ ಮುಂದೆ, "ಆಕಿಗೆ ತಿರುಗಾಟ ಸೇರೂದಿಲ್ರಿ," ಎನ್ನುತ್ತಿದ್ದ. ಒಮ್ಮೆ ನೀಲವ್ವ ನನ್ನ ಪಕ್ಕ ಕೂತು, "ಸಾಲಿ ಕಲೀದಾಕಿನ್ನ ಕರಕೊಂಡು ಅಡ್ಡಾಡಾಕ ಅವರಿಗೆ ನಾಚಿಕಿ, ಅಕ್ಕಾ," ಎಂದಳು. ನಾನು ಬೇಳೆ ಆರಿಸುತ್ತಿದ್ದೆ. ಆರಿಸುತ್ತಲೇ ಇದ್ದೆ. ಆ ಮಾತನ್ನು ನಂಬಿಕೊಂಡೇ ಆಕೆ ನಲವತ್ತು ವರ್ಷ ಸಂಸಾರ ಮಾಡಿದಳು.

ಮೈದುನ ಹೋದ ವರ್ಷ ತೀರಿಕೊಂಡ. ಕಳೆದ ತಿಂಗಳು ನೀಲವ್ವ ಬಬಲೇಶ್ವರಕ್ಕೆ, ನಾನೀಗ ಇರುವ ಹೊಲದ ಮನೆಗೆ ಬಂದಳು. ಅವನ ಪೆಟ್ಟಿಗೆಯಲ್ಲಿ ಸಿಕ್ಕ ಲಕೋಟೆ ಕೈಯಲ್ಲಿತ್ತು. ಒಳಗೆ ಎರಡೂ ಚಿತ್ರ.

"ಅಕ್ಕಾ, ಈ ಗೋಪುರ ನಿನಗ ಕೊಟ್ಟಿದ್ದೆನಲ್ಲ?"

"ಯಾವಾಗ ಕೊಟ್ಟಿದ್ದಿಯವಾ? ನಿನಗ ಮರವು," ಎಂದೆ.

"ಇರಬೇಕು ತಗೋ, ವಯಸ್ಸಾತು," ಎಂದು ನಕ್ಕು ಸಂಜೆಯ ಬಸ್ಸು ಹತ್ತಿದಳು. ಎಷ್ಟು ಸಲೀಸಾಗಿ ನಂಬಿದಳು —

ಮರುದಿನ ಮುಂಜಾನೆ ಮೊದಲ ಬಸ್ಸಿಗೆ ವಿಜಾಪುರಕ್ಕೆ ಹೋದೆ. ನೀಲವ್ವ ಚಹಾ ತಂದಿಟ್ಟಳು. ನಾನು ಅದನ್ನು ಮುಟ್ಟಲಿಲ್ಲ. "ಕುಂದರು," ಎಂದು, ಅಂದು ಬಿಟ್ಟಿದ್ದ ಆ ಕೊನೆಯ ಸಾಲನ್ನು ಓದಿ ಹೇಳಿದೆ. ಕೈಯಲ್ಲಿ ಕಾಗದವಿರಲಿಲ್ಲ. ಬೇಕಾಗಿಯೂ ಇರಲಿಲ್ಲ.